ಕಟ್ಟಡದ ಚಿತ್ರವೂ ಪ್ರಮಾಣವೂ

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ನಾಯಂಡಹಳ್ಳಿಯ ಆಸುಪಾಸಿನಲ್ಲಿ ಹೊಸ ಕಟ್ಟಡವೊಂದು ಏಳುವುದೆಂದರೆ, ಅದರ ಪಾಯ ತೋಡುವುದಕ್ಕೆ ಮೊದಲೇ ಅದರ ಚಿತ್ರ ಬಂದಿರುತ್ತದೆ. ನಿವೇಶನದ ಸುತ್ತ ನಿಲ್ಲಿಸಿದ ತಗಡಿನ ಬೇಲಿಯ ಮೇಲೆ ಆಳೆತ್ತರದ ಚಿತ್ರ. ಮಾರಾಟದ ಕೊಠಡಿಯಲ್ಲಿ ನುಣುಪು ಕಾಗದದ ಬ್ರೋಷರು. ಎಲ್ಲರ ಕೈಯಲ್ಲಿಯೂ ಇರುವ ಫೋನಿನ ತೆರೆಯ ಮೇಲೆ, ಇನ್ನೂ ಇಲ್ಲದ ಕೋಣೆಗಳನ್ನೆಲ್ಲ ಸುತ್ತಿ ಬಂದಂತೆ ತೋರಿಸುವ ಚಲಿಸುವ ಚಿತ್ರ. 2021ರ ಆಗಸ್ಟಿನಲ್ಲಿ ಮೆಟ್ರೋ ರೈಲು ನಾಯಂಡಹಳ್ಳಿಯನ್ನು ಹಾದು ಕೆಂಗೇರಿಯವರೆಗೆ ನಡೆಯತೊಡಗಿದ ಮೇಲೆ ಇಂತಹ ಚಿತ್ರಗಳಲ್ಲಿ ರೈಲೂ ಸೇರಿಕೊಂಡಿತು. ಸಂಸಾರವೊಂದು ಇಪ್ಪತ್ತು ವರ್ಷದ ಸಾಲಕ್ಕೆ ರುಜು ಹಾಕುವಾಗ ಅದರ ಕಣ್ಣ ಮುಂದೆ ಇರುವುದು ಮನೆಯಲ್ಲ, ಮನೆಯ ಚಿತ್ರ. ಆದಕಾರಣ ಕಟ್ಟಡದ ಚಿತ್ರ ಎಷ್ಟರಮಟ್ಟಿಗೆ ನಂಬತಕ್ಕದ್ದು, ಯಾವ ಗುಣದಿಂದ ಅದು ನಂಬಿಕೆಗೆ ಅರ್ಹವಾಗುತ್ತದೆ ಎಂಬುದು ಕೇವಲ ಕಲಾರಸಿಕರ ಚರ್ಚೆಯಾಗಿ ಉಳಿದಿಲ್ಲ.

ಕನ್ನಡದಲ್ಲಿ ‘ಪ್ರಮಾಣ’ ಎಂಬ ಶಬ್ದಕ್ಕೆ ಮೂರು ಅರ್ಥಗಳು ರೂಢಿಯಲ್ಲಿವೆ. ಶಿಲ್ಪಿಗೆ ಅದು ಅಳತೆ. ತಾರ್ಕಿಕನಿಗೆ ಅದು ಅರಿವಿನ ಆಧಾರ. ನ್ಯಾಯಸ್ಥಾನದಲ್ಲಿ ನಿಂತ ಸಾಕ್ಷಿಗೆ ಅದು ಆಣೆ. ಚಿತ್ರಕ್ಕೆ ಆರು ಅಂಗಗಳೆಂದು ಎಣಿಸಿದ ಪ್ರಾಚೀನರು ರೂಪಭೇದದ ಒಡನೆಯೇ ಪ್ರಮಾಣವನ್ನು ಇರಿಸಿದ್ದಾರೆ; ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗಗಳೆಲ್ಲ ಅದರ ಹಿಂದೆ ಬರುತ್ತವೆ. ಬೇರೆ ಚಿತ್ರಗಳಲ್ಲಿ ಈ ಶಬ್ದದ ಮೂರು ಅರ್ಥಗಳೂ ಒಟ್ಟಿಗೆ ನಿಲ್ಲಬೇಕಾದುದಿಲ್ಲ. ದಮಯಂತಿಯನ್ನು ಬರೆದ ಚಿತ್ರಕಾರನಿಂದ ಯಾರೂ ಆಣೆಯನ್ನು ಕೇಳುವುದಿಲ್ಲ. ಕಟ್ಟಡವನ್ನು ಬರೆದವನ ಸಂಗತಿ ಹಾಗಲ್ಲ. ಅವನ ಅಳತೆ ತಪ್ಪಿದರೆ ಆಧಾರ ಕೆಡುತ್ತದೆ, ಆಧಾರ ಕೆಟ್ಟ ಮೇಲೆ ಅವನ ಸಾಕ್ಷ್ಯವೂ ಕೆಡುತ್ತದೆ. ಶಿಲ್ಪಶಾಸ್ತ್ರಗಳು ಎಲ್ಲ ಕಡೆಯಿಂದಲೂ ಕಡೆದ ಪ್ರತಿಮೆಯನ್ನು ಚಿತ್ರವೆಂದೂ, ಉಬ್ಬುಗೆಲಸವನ್ನು ಅರ್ಧಚಿತ್ರವೆಂದೂ, ಬಣ್ಣದಿಂದ ಬರೆದುದನ್ನು ಚಿತ್ರಾಭಾಸವೆಂದೂ ಕರೆದಿವೆ. ಆಭಾಸವೆಂದರೆ ತೋರಿಕೆ. ಬರೆದುದು ತೋರಿಕೆಯೆಂಬುದನ್ನು ಹೆಸರಿನಲ್ಲಿಯೇ ಒಪ್ಪಿಕೊಂಡ ಆ ಎಚ್ಚರ ಕೊಂಡಾಡತಕ್ಕದ್ದು. ಇಂದಿನ ಬ್ರೋಷರಿನ ಚಿತ್ರ ಅದನ್ನು ಒಪ್ಪಿಕೊಳ್ಳುವುದು ಕೊನೆಯ ಪುಟದ ಕೆಳಗೆ, ಸಾಸಿವೆಯಷ್ಟು ಅಕ್ಷರಗಳಲ್ಲಿ.

ಕಟ್ಟಡವನ್ನು ಕಾಗದದ ಮೇಲೆ ತರುವುದಕ್ಕೆ ಬಹುಕಾಲದಿಂದ ನಾಲ್ಕು ದಾರಿಗಳುಂಟು. ನೆಲದಿಂದ ಮೂರು ನಾಲ್ಕು ಅಡಿ ಎತ್ತರದಲ್ಲಿ ಕಟ್ಟಡವನ್ನು ಅಡ್ಡವಾಗಿ ಕೊಯ್ದು ಮೇಲಿನಿಂದ ನೋಡಿದಂತೆ ಬರೆಯುವುದು ತಳವಿನ್ಯಾಸ. ನೆತ್ತಿಯಿಂದ ಪಾಯದವರೆಗೆ ನೇರವಾಗಿ ಸೀಳಿ ಬರೆಯುವುದು ಛೇದಚಿತ್ರ. ಒಂದು ಮುಖವನ್ನು, ಹತ್ತಿರದ್ದು ದೊಡ್ಡದು ದೂರದ್ದು ಚಿಕ್ಕದು ಎಂಬ ಭೇದವಿಲ್ಲದೆ, ಅಳತೆಗೆ ಸರಿಯಾಗಿ ಬರೆಯುವುದು ಮುಖಚಿತ್ರ; ಮೇಸ್ತ್ರಿಗಳೂ ಮನೆ ಕಟ್ಟಿಸುವವರೂ ಇದನ್ನು ಎಲಿವೇಷನ್ ಎನ್ನುತ್ತಾರೆ. ನಾಲ್ಕನೆಯದು, ಒಂದೆಡೆಯಲ್ಲಿ ನಿಂತವನ ಕಣ್ಣಿಗೆ ಕಟ್ಟಡ ಕಾಣುವಂತೆ ಬರೆಯುವುದು. ಇಲ್ಲೊಂದು ವಿಚಿತ್ರವಿದೆ. ಮೊದಲಿನ ಮೂರರಲ್ಲಿ ಇರುವಂತೆ ಕಟ್ಟಡ ಯಾವ ಮನುಷ್ಯನ ಕಣ್ಣಿಗೂ ಎಂದಿಗೂ ಕಂಡಿಲ್ಲ. ಆದರೂ ಅವುಗಳ ಮೇಲೆ ಅಳತೆಕೋಲನ್ನಿಟ್ಟು ತಪ್ಪನ್ನು ಹಿಡಿಯಬಹುದು. ನಾಲ್ಕನೆಯದು ಕಣ್ಣಿಗೆ ಎಲ್ಲಕ್ಕಿಂತ ನಿಜವಾಗಿ ತೋರುತ್ತದೆ. ಅಳತೆಕೋಲಿಗೆ ಅದು ಸುಲಭವಾಗಿ ಸಿಕ್ಕುವುದಿಲ್ಲ. ಕಣ್ಣನ್ನು ಎಲ್ಲಿ ಇಟ್ಟುಕೊಳ್ಳಬೇಕು, ಯಾವುದನ್ನು ಚೌಕಟ್ಟಿನ ಹೊರಗೆ ಬಿಡಬೇಕು ಎಂಬೆರಡು ಸ್ವಾತಂತ್ರ್ಯಗಳು ಅಲ್ಲಿ ಚಿತ್ರಕಾರನ ವಶದಲ್ಲಿವೆ. ಸುಳ್ಳು ಗೆರೆಯೊಂದನ್ನೂ ಎಳೆಯದೆ ನೋಡುವವನನ್ನು ತಪ್ಪುದಾರಿಗೆ ಎಳೆಯುವುದಕ್ಕೆ ಇವೆರಡೇ ಸಾಕು.

ಬೆಂಗಳೂರಿನ ಕಟ್ಟಡಗಳು ಹೀಗೆ ಕಣ್ಣಿಗೆ ಕಾಣುವಂತೆ ಬರೆಯಲ್ಪಟ್ಟು ಊರೂರಿಗೆ ಪ್ರಸಿದ್ಧವಾದದ್ದು ಒಂದು ಯುದ್ಧದ ಮೂಲಕ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೇನೆ ಬೆಂಗಳೂರಿನ ಪೇಟೆಯನ್ನೂ ಕೋಟೆಯನ್ನೂ ಹಿಡಿದಾಗ ಅದರೊಂದಿಗೆ ಚಿತ್ರಕಾರರೂ ಬಂದಿದ್ದರು. ರಾಬರ್ಟ್ ಹೋಮ್ ಎಂಬಾತನ ಮೈಸೂರು ಸೀಮೆಯ ಚಿತ್ರಗಳ ಗ್ರಂಥ 1794ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು; ಚಿತ್ರಗಳನ್ನು ಸ್ಥಳದಲ್ಲಿಯೇ ನಿಂತು ಬರೆಯಲಾಯಿತೆಂದು ಅದರ ಮುಖಪುಟ ಹೇಳಿಕೊಳ್ಳುತ್ತದೆ. ಈ ಹೇಳಿಕೆ ವ್ಯಾಪಾರದ ಮಾತೂ ಹೌದು, ಆಣೆಯ ಮಾತೂ ಹೌದು. ಜೇಮ್ಸ್ ಹಂಟರ್ ಎಂಬ ಫಿರಂಗಿ ದಳದ ಅಧಿಕಾರಿ ಟಿಪ್ಪುವಿನ ಬೆಂಗಳೂರಿನ ಅರಮನೆಯನ್ನೂ ಕೋಟೆ ಕೊತ್ತಲಗಳನ್ನೂ ಬರೆದ. 1792ರಲ್ಲಿ ಆತ ತೀರಿಕೊಂಡ. ಅವನ ಚಿತ್ರಗಳು ತಾಮ್ರದ ತಗಡಿನ ಮೇಲೆ ಕೊರೆಯಲ್ಪಟ್ಟು ಬಣ್ಣ ತುಂಬಿಸಿಕೊಂಡು ಹೊರಬಂದದ್ದು 1804–05ರಲ್ಲಿ. ಅಂದರೆ ಕಂಡವನ ಕೈಯಿಂದ ಕೊರೆದವನ ಕೈಗೆ, ಕೊರೆದವನಿಂದ ಬಣ್ಣ ಬಳಿದವನ ಕೈಗೆ ಚಿತ್ರ ದಾಟಿತು. ಸಂದೇಹ ಬಂದಾಗ ಕೇಳೋಣವೆಂದರೆ ಕಂಡವನು ಬದುಕಿರಲಿಲ್ಲ. ಆ ಕಾಲದ ಇಂಗ್ಲಿಷ್ ರುಚಿಗೆ ರಮಣೀಯ ದೃಶ್ಯವೆಂದರೆ ಇಂತಿಷ್ಟು ಸಾಮಗ್ರಿ ಇರಲೇಬೇಕು: ಅಂಚಿನಲ್ಲಿ ಬಾಗಿದ ಒಂದು ಮರ, ಮುಂದುಗಡೆ ಮುರಿದ ಗೋಡೆ, ಕಟ್ಟಡವನ್ನು ಹಿರಿದಾಗಿ ತೋರಿಸಲು ಕಿರಿದಾಗಿ ಬರೆದ ನಾಲ್ಕು ಜನ. ಈ ಸಾಮಗ್ರಿಯನ್ನು ಕಳೆದು ಉಳಿದುದನ್ನು ಓದುವುದಕ್ಕೆ ಕಲಿತವರಿಗೆ ಇಂತಹ ಚಿತ್ರಗಳಿಂದ ದೊರೆಯುವ ಲಾಭ ಸಣ್ಣದಲ್ಲ; ಬೆಂಗಳೂರು ಕೋಟೆಯ ಬಹುಭಾಗ ಇಂದು ಉಳಿದಿರುವುದು ಇಂತಹ ಕಾಗದದಲ್ಲಿಯೇ. ಅರಮನೆಯ ಉಳಿದ ಭಾಗದಲ್ಲಿ ಮರದ ಕಂಬಗಳೂ ಹಲ್ಲುಹಲ್ಲಾದ ಕಮಾನುಗಳೂ ಈಗಲೂ ನಿಂತಿರುವುದರಿಂದ, ಚಿತ್ರವನ್ನು ಹಿಡಿದು ಕಂಬದೆದುರು ನಿಂತು ಸಾಕ್ಷಿಯನ್ನು ಪರೀಕ್ಷಿಸುವ ಅವಕಾಶವೂ ಇದೆ.

ಆದರೆ ಬೆಂಗಳೂರಿನೊಂದಿಗೆ ಹೆಸರು ಸೇರಿಕೊಂಡಿರುವ ಚಿತ್ರಗ್ರಂಥಗಳಲ್ಲಿ ವಿಚಾರಕ್ಕೆ ಹೆಚ್ಚು ಎಡೆಗೊಡುವುದು ಪರದೇಶದವರದಲ್ಲ. 1834ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯವರು ಹಿಂದೂ ವಾಸ್ತುಶಿಲ್ಪವನ್ನು ಕುರಿತ ಪ್ರಬಂಧವೊಂದನ್ನು ನಲವತ್ತೆಂಟು ಪಟಗಳೊಂದಿಗೆ ಪ್ರಕಟಿಸಿದರು. ಗ್ರಂಥಕರ್ತರು ರಾಮರಾಜರು, ಬೆಂಗಳೂರಿನಲ್ಲಿ ದೇಶೀಯ ನ್ಯಾಯಾಧಿಪತಿಯೂ ಮ್ಯಾಜಿಸ್ಟ್ರೇಟರೂ ಆಗಿದ್ದವರು. ಗ್ರಂಥ ಅಚ್ಚಾಗಿ ಬರುವ ವೇಳೆಗೆ ಅವರು ಕಾಲವಾಗಿದ್ದರು. ಮಾನಸಾರವೇ ಮೊದಲಾದ ಶಿಲ್ಪಗ್ರಂಥಗಳ ಹರಿದ, ತಪ್ಪು ತುಂಬಿದ ಪ್ರತಿಗಳನ್ನು ಸಂಗ್ರಹಿಸಿ, ತಂಜಾವೂರಿನ ಶಿಲ್ಪಿಯೊಬ್ಬರ ನೆರವಿನಿಂದ ಪರಿಭಾಷೆಯನ್ನು ಬಿಡಿಸಿಕೊಂಡು, ಅವರು ಅಧಿಷ್ಠಾನ, ಪಾದ, ಪ್ರಸ್ತರ, ವಿಮಾನ, ಗೋಪುರಗಳ ಲಕ್ಷಣಗಳನ್ನು ಇಂಗ್ಲಿಷಿನಲ್ಲಿ ನಿರೂಪಿಸಿದರು. ಭಾರತೀಯರೊಬ್ಬರು ತಮ್ಮ ನಾಡಿನ ಕಟ್ಟಡಕಲೆಯನ್ನು ಹೊಸ ಕಾಲದ ವಿದ್ವತ್ತಿನ ಭಾಷೆಯಲ್ಲಿ, ಅಳತೆಯ ಪಟಗಳೊಡನೆ ಜಗತ್ತಿನ ಮುಂದಿಟ್ಟ ಮೊದಲ ಗ್ರಂಥ ಇದೆಂಬ ಕೀರ್ತಿ ಸಲ್ಲತಕ್ಕದ್ದೇ.

ಅವರ ಪಟಗಳನ್ನು ಬಿಡಿಸಿ ನೋಡಿದರೆ ಮೊದಲು ಮನಸ್ಸಿಗೆ ಬರುವುದು ಅವುಗಳ ನಿರ್ಮಲತೆ. ಕಂಬವೊಂದು ಕಾಗದದ ನಡುವೆ ಒಂಟಿಯಾಗಿ ನಿಂತಿದೆ. ಅದರ ಅಡ್ಡಳತೆಯ ಎಷ್ಟು ಪಟ್ಟು ಎತ್ತರ, ಎತ್ತರದಲ್ಲಿ ಯಾವ ಅಂಗಕ್ಕೆ ಎಷ್ಟು ಭಾಗ ಎಂಬ ಲೆಕ್ಕದಿಂದ ಅದು ಹುಟ್ಟಿದೆ. ದೀಪದ ಎಣ್ಣೆಯ ಮಸಿ ಇಲ್ಲ, ಭಕ್ತರು ಒರಗಿ ಒರಗಿ ನುಣುಪಾದ ಕಲೆಯಿಲ್ಲ, ಒಡೆದ ಮೂಲೆಯಿಲ್ಲ. ಗ್ರೀಕರ, ರೋಮನರ ಕಂಬಗಳ ಅಳತೆಯೊಡನೆ ಹೋಲಿಸಿ ತೂಗುವುದಕ್ಕೆ ಅನುಕೂಲವಾಗುವಂತೆ ಅದು ನಿಂತಿದೆ. ಯಾವ ಊರಿನ, ಯಾವ ಗುಡಿಯ ಕಂಬ ಎಂದು ಕೇಳಿದರೆ, ಅದು ಶಾಸ್ತ್ರದ ಕಂಬ. ಇದನ್ನು ಅಪ್ರಾಮಾಣಿಕವೆನ್ನಲು ಬರುವುದಿಲ್ಲ. ಲಕ್ಷಣವನ್ನು ಹೇಳುವ ಗ್ರಂಥದಲ್ಲಿ ಲಕ್ಷಣದ ಚಿತ್ರವಿರುವುದು ಯುಕ್ತವೇ. ವ್ಯಾಕರಣದ ಉದಾಹರಣೆಯ ರಾಮನು ಅಯೋಧ್ಯೆಯವನಾಗಿರಬೇಕಾಗಿಲ್ಲ.

ದೋಷ ಬೇರೆ ಕಡೆಯಿದೆ. ಅದೇ ಗ್ರಂಥದಲ್ಲಿ ಶಾಸ್ತ್ರದಿಂದ ಹುಟ್ಟಿದ ರೂಪಗಳ ಜೊತೆಗೆ ನೆಲದ ಮೇಲೆ ನಿಂತ ದೇಗುಲಗಳೂ ಬಂದಿವೆ; ತಿರುವಲೂರಿನ ದೇಗುಲದ ನಕ್ಷೆಯನ್ನು ಮುಂದೆ ಫರ್ಗ್ಯುಸನ್ ತನ್ನ ಗ್ರಂಥಕ್ಕೆ ಎತ್ತಿಕೊಂಡದ್ದು ಇಲ್ಲಿಂದಲೇ. ಹೇಳಿಕೆಯ ಪಟ್ಟಿಯನ್ನು ಬದಿಗಿಟ್ಟು ಕಣ್ಣಿನಿಂದಲೇ ನೋಡುವವನಿಗೆ, ಅಳೆದು ಬರೆದದ್ದು ಯಾವುದು, ಓದಿ ಊಹಿಸಿದ್ದು ಯಾವುದು ಎಂಬ ಭೇದ ಗೆರೆಯಲ್ಲಿ ಕಾಣುವುದಿಲ್ಲ. ಎರಡಕ್ಕೂ ಒಂದೇ ನಯ, ಒಂದೇ ತೂಕ, ಒಂದೇ ನಿಶ್ಚಯ. ಶಾಸ್ತ್ರ ಹೀಗೆ ವಿಧಿಸುತ್ತದೆ ಎಂಬುದೂ ಕಟ್ಟಡ ಹೀಗೆ ಇದೆ ಎಂಬುದೂ ಒಂದೇ ಸ್ವರದಲ್ಲಿ ಉಚ್ಚಾರವಾಗುತ್ತವೆ. ಪಟಗಳಲ್ಲಿ ಕಾಣುವ ರೂಪ ಹೆಚ್ಚಾಗಿ ತಮಿಳು ಸೀಮೆಯ ದ್ರಾವಿಡರೂಪ. ಬೆಂಗಳೂರಿನಿಂದ ಎರಡು ಮೂರು ದಿನದ ಪಯಣದ ದೂರದಲ್ಲಿದ್ದ ಸೋಮನಾಥಪುರದ ನಕ್ಷತ್ರಾಕಾರಕ್ಕೆ ಅಲ್ಲಿ ಎಡೆ ದೊರೆಯಲಿಲ್ಲ. ಗ್ರಂಥದ ಹೆಸರು ಮಾತ್ರ ಹಿಂದೂ ವಾಸ್ತುಶಿಲ್ಪವನ್ನೆಲ್ಲ ಒಳಗೊಂಡಿತು. ದಿನವೆಲ್ಲ ನ್ಯಾಯಪೀಠದಲ್ಲಿ ಕುಳಿತು ಕಂಡ ಸಾಕ್ಷ್ಯವನ್ನೂ ಕೇಳಿದ ಸಾಕ್ಷ್ಯವನ್ನೂ ಬೇರ್ಪಡಿಸುತ್ತಿದ್ದ ವಿದ್ವಾಂಸರು ಪಟಗಳಲ್ಲಿ ಆ ವಿಂಗಡಣೆಯನ್ನು ಮಾಡಿಸದೆ ಬಿಟ್ಟದ್ದು ಸೋಜಿಗ. ಹಾಗೆಂದು ಅವರ ಶ್ರಮದ ಬೆಲೆ ಕುಗ್ಗುವುದಿಲ್ಲ. ಮುಂದೆ ಬಂದವರು ಕಾಣಬೇಕಾದ ದಾರಿಯನ್ನು ಅವರ ಪಟಗಳೇ ತೆರೆದವು.

ಹೀಗೆ ಮುಂದೆ ಬಂದವರಲ್ಲಿ ಮುಖ್ಯನಾದ ಜೇಮ್ಸ್ ಫರ್ಗ್ಯುಸನ್ನನ ಗ್ರಂಥದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಏಳುತ್ತದೆ, ಅದೂ ಕನ್ನಡ ನಾಡಿನ ಕಟ್ಟಡದ ವಿಷಯದಲ್ಲಿಯೇ. 1866ರಲ್ಲಿ ಧಾರವಾಡ ಮೈಸೂರು ಸೀಮೆಗಳ ವಾಸ್ತುಶಿಲ್ಪದ ಛಾಯಾಚಿತ್ರಗಳ ದೊಡ್ಡ ಸಂಪುಟವೊಂದಕ್ಕೆ ಆತ ವಿವರಣೆ ಬರೆದಿದ್ದ. 1876ರಲ್ಲಿ ಹೊರಬಂದ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಹಳೇಬೀಡಿನ ಹೊಯ್ಸಳೇಶ್ವರಕ್ಕೆ ಆತ ಕೊಟ್ಟ ಗೌರವ ಎಲ್ಲರಿಗೂ ತಿಳಿದದ್ದು. ಅಥೆನ್ಸಿನ ಪಾರ್ಥೆನಾನಿನೊಡನೆ ಅದನ್ನು ತೂಗಿ ನೋಡಿದ. ಆ ಗ್ರಂಥದಲ್ಲಿಯೇ ಹೊಯ್ಸಳೇಶ್ವರದ ಒಂದು ಚಿತ್ರವಿದೆ. ಅಲ್ಲಿ ದೇಗುಲದ ಮೇಲೆ ಶಿಖರಗಳು ನಿಂತಿವೆ. ಹಳೇಬೀಡಿಗೆ ಹೋದವರು ಬಲ್ಲರು: ಜೋಡಿ ಗರ್ಭಗೃಹಗಳ ಮೇಲೆ ಶಿಖರವಿಲ್ಲ. ಕೆಲಸ ನಡುವೆ ನಿಂತುಹೋಯಿತೆಂದು ಫರ್ಗ್ಯುಸನ್ ಎಣಿಸಿದ. ಶಿಖರ ಇದ್ದು ಬಿದ್ದಿತೋ, ಏಳಲೇ ಇಲ್ಲವೋ ಎಂಬ ಮಾತು ಬೇರೆ. ಆತ ಇಲ್ಲದ್ದನ್ನು ಊಹೆಯಿಂದ ತುಂಬಿದ, ಹಾಗೆ ತುಂಬಿದ್ದೇನೆಂದು ಚಿತ್ರದ ಕೆಳಗೆ ಹೇಳಿಯೂ ಹೇಳಿದ. ಹೇಳಿದ ಮೇಲೆ ಅಪರಾಧವೇನು ಎಂದು ಕೇಳಬಹುದು.

ಚಿತ್ರವನ್ನು ನೋಡಿದರೆ ಉತ್ತರ ತಿಳಿಯುತ್ತದೆ. ಕೆಳಗಿನ ಗೋಡೆ ಆ ಕಾಲದ ಛಾಯಾಚಿತ್ರಗಳಲ್ಲಿ ಕಾಣುವ ಗೋಡೆ. ಮೇಲಿನ ಶಿಖರ ಮನಸ್ಸಿನಲ್ಲಿ ಕಂಡ ಶಿಖರ. ಆದರೆ ಕೊರೆದವನ ಉಳಿ ಎರಡನ್ನೂ ಒಂದೇ ಆಳಕ್ಕೆ ಕೊರೆದಿದೆ. ಬೆಳಕು ಎರಡರ ಮೇಲೂ ಒಂದೇ ಕಡೆಯಿಂದ ಬೀಳುತ್ತದೆ. ಇರುವುದು ಮುಗಿದು ಇರಬಹುದಾದದ್ದು ಮೊದಲಾಗುವ ಎಲ್ಲೆ ಎಲ್ಲಿಯೂ ಇಲ್ಲ. ಕೆಳಗೆ ಅಚ್ಚಾದ ಒಂದು ಮಾತು ಮೇಲೆ ನಿಂತ ಸಾವಿರ ಗೆರೆಗಳ ಎದುರು ದುರ್ಬಲ. ಚಿತ್ರ ಗ್ರಂಥದಿಂದ ಗ್ರಂಥಕ್ಕೆ ಹೋಗುವಾಗ ಆ ಮಾತು ಹಿಂದೆಯೇ ಉಳಿಯುವ ಅಪಾಯವೂ ಉಂಟು. ಶಿಖರವನ್ನು ಬರಿಯ ಹೊರಗೆರೆಯಲ್ಲಿ, ಅಥವಾ ಚುಕ್ಕೆಗೆರೆಯಲ್ಲಿ ತೋರಿಸಿದ್ದರೆ ಅಷ್ಟೇ ಪಾಂಡಿತ್ಯ ಕಾಣುತ್ತಿತ್ತು, ಸೊಗಸು ಮಾತ್ರ ಕಡಮೆಯಾಗುತ್ತಿತ್ತು. ಸೊಗಸಿಗಾಗಿ ಎಲ್ಲೆಯನ್ನು ಅಳಿಸಿದ್ದು ಆ ಚಿತ್ರದ ತಪ್ಪು.

ಅದೇ ಗ್ರಂಥದಲ್ಲಿ, ಅದೇ ಹಳೇಬೀಡಿನ ಕೇದಾರೇಶ್ವರದ ಚಿತ್ರವನ್ನು ಇದರ ಪಕ್ಕಕ್ಕೆ ಇಟ್ಟು ನೋಡಬೇಕು. ಅಕ್ಷರದೊಂದಿಗೆ ಛಾಯಾಚಿತ್ರವನ್ನು ಒಟ್ಟಿಗೆ ಅಚ್ಚುಹಾಕುವ ಉಪಾಯ ಆಗ ಬಳಕೆಗೆ ಬಂದಿರಲಿಲ್ಲವಾದ್ದರಿಂದ, ಛಾಯಾಚಿತ್ರವನ್ನು ನೋಡಿ ಮರದ ಅಚ್ಚಿನಲ್ಲಿ ಕೊರೆಯುವುದು ರೂಢಿ. ಈ ಅಚ್ಚಿನಲ್ಲಿ ಗುಡಿಯ ವಿಮಾನದ ಮೇಲೆ ಗಿಡ ಬೆಳೆದಿದೆ. ಅದರ ಬೇರುಗಳು ಕಲ್ಲಿನ ಸಂದುಗಳನ್ನು ಬಿಡಿಸುತ್ತಿದ್ದವು; ಗ್ರಂಥಕರ್ತ ಅದನ್ನು ಕಂಡು ಮರುಗಿದ್ದಾನೆ. ಕೊರೆಯುವವನು ಗಿಡವನ್ನು ಬಿಟ್ಟು ಶಿಖರವನ್ನು ಶುದ್ಧವಾಗಿ ಕೊರೆಯಬಹುದಾಗಿತ್ತು, ಬಿಡಲಿಲ್ಲ. ಮುಂದೆ ಗುಡಿ ಕುಸಿಯಿತು. ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದಾಗ ಅದು ಶಿಖರವಿಲ್ಲದೆಯೇ ನಿಂತಿತು, ಇಂದಿಗೂ ಹಾಗೆಯೇ ಇದೆ. ಈಗ ಆ ಶಿಖರದ ರೂಪವನ್ನು ತಿಳಿಯಬೇಕೆನ್ನುವವರು ಆ ಕಾಲದ ಛಾಯಾಚಿತ್ರಕ್ಕೂ ಗಿಡಸಮೇತವಾದ ಆ ಅಚ್ಚಿಗೂ ಹೋಗಬೇಕು. ಹೊಯ್ಸಳೇಶ್ವರದ ಪೂರ್ಣಚಿತ್ರದಿಂದ ಯಾರೂ ಒಂದು ಕಲ್ಲನ್ನೂ ಅದರ ಸ್ಥಾನದಲ್ಲಿ ಇರಿಸಲಾರರು.

ಆ ಬಳಿಕ ಬಂದ ಅಳತೆಯ ಕಾಲದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಮೈಸೂರು ಪ್ರಾಚ್ಯವಸ್ತು ಇಲಾಖೆಯಿಂದ ಆರ್. ನರಸಿಂಹಾಚಾರ್ಯರು ಸೋಮನಾಥಪುರದ ಮೇಲೆ 1917ರಲ್ಲಿಯೂ, ಬೇಲೂರು ಮತ್ತು ದೊಡ್ಡಗದ್ದವಳ್ಳಿಗಳ ಮೇಲೆ 1919ರಲ್ಲಿಯೂ ಹೊರತಂದ ಪುಸ್ತಕಗಳಲ್ಲಿ ಛಾಯಾಚಿತ್ರವೂ ನಕ್ಷೆಯೂ ತಮ್ಮ ತಮ್ಮ ಕೆಲಸವನ್ನು ಹಂಚಿಕೊಂಡವು. ಹೆನ್ರಿ ಕಸೆನ್ಸನ 1926ರ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥದಲ್ಲಿ ಲಕ್ಕುಂಡಿ, ಇಟಗಿ, ಡಂಬಳಗಳ ಗುಡಿಗಳು ಸೇರಿದವು. ಡಂಬಳದ ದೊಡ್ಡಬಸಪ್ಪನ ಗುಡಿಯ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರ, ಒಂದು ಚೌಕವನ್ನು ನಡುಬಿಂದುವಿನ ಸುತ್ತ ತಿರುಗಿಸುತ್ತ ಹೋದುದರಿಂದ ಹುಟ್ಟಿದ್ದೆಂಬುದನ್ನು ಎದುರಿಗೆ ನಿಂತ ಛಾಯಾಚಿತ್ರಗ್ರಾಹಕ ಎಷ್ಟು ಹೊತ್ತು ಕಾದರೂ ತೋರಿಸಲಾರ. ತಳವಿನ್ಯಾಸ ಒಂದು ನೋಟದಲ್ಲಿ ತೋರಿಸುತ್ತದೆ. ಇತ್ತೀಚಿನವರಲ್ಲಿ ಆಡಂ ಹಾರ್ಡಿ ಎಂಬ ವಿದ್ವಾಂಸರು ಕರ್ಣಾಟ ದ್ರಾವಿಡ ದೇಗುಲಗಳ ಗೋಡೆಗಳನ್ನು ಒಂದರೊಳಗೊಂದು ಅಡಗಿದ ಕಿರುಗುಡಿಗಳಾಗಿ ಬಿಡಿಸಿ ಬರೆದಿದ್ದಾರೆ. ಅವು ಕಣ್ಣಿಗೆ ಕಾಣುವ ಚಿತ್ರಗಳಲ್ಲ, ವಿಚಾರದ ಚಿತ್ರಗಳು. ವಿಚಾರವೆಂದು ಗೆರೆಯಲ್ಲಿಯೇ ಹೇಳಿಕೊಳ್ಳುವುದರಿಂದ ಅವು ಯಾರನ್ನೂ ಮೋಸಗೊಳಿಸುವುದಿಲ್ಲ. ಚಿತ್ರದ ಪ್ರಾಮಾಣಿಕತೆ ಇದ್ದದ್ದನ್ನು ಇದ್ದಂತೆ ಬರೆಯುವುದರಲ್ಲಿ ಮಾತ್ರ ಇದೆಯೆಂಬ ಸಾಮಾನ್ಯ ಅಭಿಪ್ರಾಯ ಇದರಿಂದ ಸಡಿಲವಾಗಬೇಕು. ಊಹೆ, ಲಕ್ಷಣ, ವಿಚಾರ, ಬಯಕೆ ಎಲ್ಲವನ್ನೂ ಬರೆಯಬಹುದು. ಯಾವುದು ಯಾವುದೆಂದು ಗೆರೆಯೇ ಹೇಳಬೇಕು, ಅಷ್ಟೆ.

ಇನ್ನು ನಾಯಂಡಹಳ್ಳಿಯ ಚಿತ್ರಗಳ ಮಾತು. ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ತೂಕವಿಲ್ಲದ್ದಲ್ಲ. ಹಳೇಬೀಡು ಇತ್ತು, ಆದ್ದರಿಂದ ಅದರ ಚಿತ್ರಕ್ಕೆ ಸತ್ಯವೂ ಉಂಟು, ಮಿಥ್ಯೆಯೂ ಉಂಟು. ಕಟ್ಟದೆ ಇರುವ ಮನೆಗೆ ಮೂಲವೇ ಇಲ್ಲ, ಮೂಲವಿಲ್ಲದ್ದಕ್ಕೆ ಚಿತ್ರ ಯಾವುದನ್ನು ಹೋಲಬೇಕು? ಆದರೆ ಮೂಲವಿಲ್ಲವೆಂಬ ಮಾತು ಅರ್ಧ ಮಾತ್ರ ನಿಜ. ಮನೆ ಇಲ್ಲದಿರಬಹುದು, ನೆಲ ಇದೆ. ನೆರೆಯ ಮನೆ ಇದೆ. ಮುಂದಿನ ರಸ್ತೆಯ ಅಗಲ ಇದೆ. ಮಂಜೂರಾದ ನಕ್ಷೆ ಇದೆ. ಆಕಾಶದಲ್ಲಿ ಸೂರ್ಯ ಇದ್ದಾನೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಹಿರಿಯರು ಹೇಳುವ ವೃಷಭಾವತಿ, ಊರಿನ ಪಡುವಣ ಭಾಗದ ಕೊಳಚೆಯನ್ನೆಲ್ಲ ಹೊತ್ತುಕೊಂಡು, ಮೈಸೂರು ರಸ್ತೆಯ ಮಗ್ಗುಲಲ್ಲಿಯೇ ಅರ್ಕಾವತಿಯತ್ತ 흐ರಿಯುತ್ತಿದ್ದಾಳೆ.